ದೊಡ್ಡ ಪುಸ್ತಕದಲ್ಲಿ ನನ್ನ ಹೆಸರು

ಶಿಡ್ಲಘಟ್ಟದ ನಮ್ಮ ಮನೆಗೂ ದೇವಾಲಯಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಗೆ ಒಂದೇ ಬಾಗಿಲು. ಬಾಗಿಲಿನ ಈ ಕಡೆ ನಮ್ಮ ಅಡುಗೆಮನೆ, ಆ ಕಡೆ ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಪೂಜೆಗೆ ಬಟ್ಟೆ ಹಾಕಿಕೊಳ್ಳುವ ಕೋಣೆ. ಭಾನುವಾರ ಪೂಜೆ ನಡೆಯುವಾಗ ಅಮ್ಮ ಒಗ್ಗರಣೆ ಹಾಕುವಂತಿರಲಿಲ್ಲ, ಸಾಸಿವೆ ಸಿಡಿದರೆ ಪೀಠದವರೆಗೆ ಕೇಳುತ್ತಿತ್ತು. ದೇವಾಲಯ ಎಂದರೆ ದೊಡ್ಡ ಚರ್ಚೇನೂ ಅಲ್ಲ. ಹಿಂದೆ ಯಾರೋ ರೇಷ್ಮೆಗೂಡು ಕೂಡಿಡುತ್ತಿದ್ದ ಮಣ್ಣಿನ ಗೋಡೆಯ ಉದ್ದನೆಯ ಕೋಣೆ, ಮೇಲೆ ಹೆಂಚು, ತುದಿಯಲ್ಲಿ ಮರದ ಪೀಠ, ಗೋಡೆಯ ಗೂಡಿನಲ್ಲಿ ಕೈ ಮುರಿದ ಒಂದು ಸಂತ ಅಂತೋಣಿಯವರ ಪ್ರತಿಮೆ. ನನ್ನ ಅಪ್ಪ ರಾಯಪ್ಪ ಅಲ್ಲಿಯ ಉಪದೇಶಿ. ಸ್ವಾಮಿಗಳು ಚಿಕ್ಕಬಳ್ಳಾಪುರದಿಂದ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಪೂಜೆ ಮಾಡಿ ಹೋಗುವರು. ಉಳಿದಂತೆ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಕಾಯಿಲೆಯವರ ಮನೆಗೆ ಹೋಗುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅಪ್ಪನದೇ. ಹಾಗಾಗಿ ನಮ್ಮ ಮನೆಯಲ್ಲಿ ಜೋರಾಗಿ ಜಗಳವಾಡುವಂತಿರಲಿಲ್ಲ, ಜೋರಾಗಿ ನಗುವಂತೆಯೂ ಇರಲಿಲ್ಲ. ಒಂದು ಕಡೆ ದೇವರು ಕೇಳಿಸಿಕೊಳ್ಳುತ್ತಾನೆ, ಇನ್ನೊಂದು ಕಡೆ ಪಾಷ ಅವರ ಮನೆಯವರು ಕೇಳಿಸಿಕೊಳ್ಳುತ್ತಾರೆ.

ಆ ಇನ್ನೊಂದು ಗೋಡೆಯ ಆಚೆ ಅನ್ವರ್ ಪಾಷ ಅವರ ಮನೆ, ಮನೆಗೆ ಅಂಟಿಕೊಂಡ ಹಾಗೆ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಷೆಡ್ಡು. ಬೆಳಗಾಗುತ್ತಲೇ ಅಲ್ಲಿ ಒಲೆ ಹತ್ತುತ್ತಿತ್ತು. ಬೆಂದ ಹುಳುವಿನ ವಾಸನೆ ನಮ್ಮ ಹಾಸಿಗೆ, ಬಟ್ಟೆ, ತಟ್ಟೆಯ ಅನ್ನ ಎಲ್ಲಕ್ಕೂ ಹತ್ತಿಕೊಂಡಿರುತ್ತಿತ್ತು. ಬೇರೆ ಊರಿಂದ ವರ್ಗವಾಗಿ ಬಂದ ಮೇಷ್ಟ್ರು ಮೂಗಿಗೆ ಕರ್ಚೀಫು ಹಿಡಿದಾಗಲೇ ಅದೊಂದು ವಾಸನೆ ಎಂದು ನಮಗೆ ಗೊತ್ತಾದದ್ದು. ಅಮ್ಮ ಆ ಷೆಡ್ಡಿನಲ್ಲೇ ಕೆಲಸಕ್ಕಿದ್ದಳು. ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆಯ ತುದಿ ಹಿಡಿಯುವ ಕೆಲಸ. ಸಂಜೆ ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ಆ ಬೆರಳಲ್ಲಿ ಅವಳು ನನ್ನ ಗಲ್ಲ ಮುಟ್ಟಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪನಿಗೆ ಮರ್ಯಾದೆ ಇತ್ತು, ಮನೆ ನಡೆಯುತ್ತಿದ್ದದ್ದು ಅಮ್ಮನ ಆ ಬೆರಳುಗಳಿಂದ.

ಅನ್ವರ್ ಪಾಷ ಅವರ ಹೆಂಡತಿ ಜುಬೇದ. ನಾನು ಜುಬೇದಕ್ಕ ಅನ್ನುತ್ತಿದ್ದೆ. ಚಿಂತಾಮಣಿಯಿಂದ ಮದುವೆಯಾಗಿ ಬಂದವರು, ಬಹಳ ವರ್ಷ ಮಕ್ಕಳಾಗದೆ ಕೊರಗಿ, ಎಲ್ಲರೂ ಕೈಬಿಟ್ಟ ಮೇಲೆ ಸಲೀಮನನ್ನು ಹೆತ್ತವರು. ನಾನು ಶಾಲೆಯಿಂದ ಬಂದು ಚೀಲ ಎಸೆದು ಅವರ ಮನೆಗೆ ಓಡುತ್ತಿದ್ದೆ. ನನ್ನ ಹೇನು ತೆಗೆದವರು ಅವರು, ಕೈಗೆ ಗೋರಂಟಿ ಹಚ್ಚಿದವರು ಅವರು. ಸಲೀಮನ ಹಾಲುಹಲ್ಲು ಮೊದಲು ತಾಗಿದ್ದು ನನ್ನ ಬೆರಳಿಗೆ. ಮಗು ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಎಷ್ಟೋ ಸಲ ಜುಬೇದಕ್ಕ ಅಮ್ಮನ ಮುಂದೆ, ಇವನಿಗೆ ಇಬ್ಬರು ತಾಯಿ ಕಣಕ್ಕಾ, ಒಬ್ಬಳಿಗೆ ಮಾತ್ರ ಹೊಡೆಯೋ ಅಧಿಕಾರ ಇದೆ ಎಂದು ನಗುತ್ತಿದ್ದರು. ನನಗೆ ಆಗ ಹನ್ನೊಂದು ವರ್ಷ. ಊರಿಗೆ ಟಿವಿ ಬಂದ ಹೊಸತು. ಅವರ ಮನೆಯ ಟಿವಿ ಮುಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವುದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಟಿವಿಯ ಜಾಗದಲ್ಲಿ ಇದ್ದದ್ದು ದೊಡ್ಡ ಪುಸ್ತಕ. ಕಪ್ಪು ರಟ್ಟಿನ, ನನ್ನ ತೋಳಿಗಿಂತ ಉದ್ದದ ಪುಸ್ತಕ. ನಮ್ಮ ಸಭೆಯಲ್ಲಿ ಜ್ಞಾನಸ್ನಾನ, ಅಂದರೆ ತಲೆಗೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ಸಂಸ್ಕಾರ, ಪಡೆದ ಪ್ರತಿಯೊಬ್ಬರ ಹೆಸರೂ ಅದರಲ್ಲಿತ್ತು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನಸ್ನಾನ ಕೊಟ್ಟವರು, ಕೊನೆಗೆ ಸ್ವಾಮಿಗಳ ಸಹಿ. ಅಪ್ಪ ಬರೆಯುವರು, ಸ್ವಾಮಿಗಳು ಬಂದಾಗ ಸಹಿ ಹಾಕುವರು. ಇಸವಿ ಹಿಡಿದು ಸಭೆಯ ಚರಿತ್ರೆ ಹೇಳುವುದು ಅಪ್ಪನಿಗೆ ಬರುತ್ತಿರಲಿಲ್ಲ. ಪುಸ್ತಕದ ಮೊದಲ ಪುಟ ತೆರೆದು, ನೋಡಿ ಇಲ್ಲಿಂದ ಶುರು ಅನ್ನುತ್ತಿದ್ದರು. ಅಲ್ಲಿ ನನ್ನ ಅಪ್ಪನ ಅಜ್ಜಿ ಜ್ಞಾನಮ್ಮನ ಹೆಸರಿತ್ತು. ಊರಿಗೆ ವಾಂತಿಭೇದಿ ಬಿದ್ದ ಕಾಲದಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ಕೂಲಿ ದಂಪತಿಯ ಕೂಸು ಅವಳ ಜಗಲಿಯ ಮೇಲೆ ಸಾಯುತ್ತಿತ್ತಂತೆ. ಜ್ಞಾನಮ್ಮ ಚೊಂಬಿನ ನೀರು ಹಾಕಿ ಜ್ಞಾನಸ್ನಾನ ಕೊಟ್ಟಳು, ಕೂಸು ಅದೇ ದಿನ ತೀರಿಕೊಂಡಿತು. ಅದನ್ನು ಹೂಳುವುದಕ್ಕೆಂದು ಊರ ಹಿರಿಯರು ತುಂಡು ನೆಲ ಬಿಟ್ಟುಕೊಟ್ಟರು, ಆ ಸಮಾಧಿಯ ಸುತ್ತಲೇ ನಮ್ಮ ಜನ ಸೇರಿದರು, ದೇವಾಲಯ ಬಂತು. ಕೊಟ್ಟವರು ಅನ್ನುವ ಸಾಲಿನಲ್ಲಿ ಪುಟ ಪುಟವೂ ಗಂಡಸರು, ಸ್ವಾಮಿಗಳು. ಹೆಂಗಸಿನ ಹೆಸರೆಂದರೆ ಅದೊಂದೇ.

ಅದಕ್ಕೇ ಇರಬೇಕು, ಅಪ್ಪ ಉಪದೇಶದ ತರಗತಿಯಲ್ಲಿ ಆ ಒಂದು ಪಾಠವನ್ನು ಬಿಡದೆ ಕಲಿಸುತ್ತಿದ್ದರು. ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಸ್ವಾಮಿಗಳೇ ಬರಬೇಕಿಲ್ಲ. ಬರಿಯ ನೀರು ಸಾಕು, ಹಣೆಯ ಮೇಲೆ ಹರಿಯಬೇಕು, ಮಾತು ತಪ್ಪಬಾರದು. ನಾವು ಟವಲು ಸುತ್ತಿದ ಇಟ್ಟಿಗೆಯನ್ನು ಕೂಸಿನ ಹಾಗೆ ಹಿಡಿದು ಅಭ್ಯಾಸ ಮಾಡುತ್ತಿದ್ದೆವು. ಉಳಿದ ಮಕ್ಕಳು ಕಿಸಕಿಸ ನಗುವರು. ನಾನು ನಗುತ್ತಿರಲಿಲ್ಲ. ಒಂದಲ್ಲ ಒಂದು ದಿನ ಆ ಪುಸ್ತಕದಲ್ಲಿ ಜ್ಞಾನಮ್ಮನ ಜೊತೆಗೆ ನನ್ನ ಹೆಸರೂ ಇರಬೇಕು ಎಂಬುದು ನನ್ನ ಗುಟ್ಟಿನ ಆಸೆ. ಯಾವುದೋ ಮಗು ಸಾಯಬೇಕು ಎಂಬುದು ಆ ಆಸೆಯ ಇನ್ನೊಂದು ಮುಖ ಅಂತ ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.

ಆ ಬೇಸಿಗೆಯಲ್ಲಿ ಸಲೀಮನಿಗೆ ವಾಂತಿಭೇದಿ ಶುರುವಾಯಿತು. ಇನ್ನೂ ಒಂದು ವರ್ಷ ತುಂಬದ ಮಗು. ಒಂದೇ ದಿನದಲ್ಲಿ ಕಣ್ಣು ಒಳಕ್ಕೆ ಹೋಯಿತು, ನೆತ್ತಿ ಕುಳಿಬಿತ್ತು. ಮಧ್ಯಾಹ್ನದ ಹೊತ್ತಿಗೆ ಅಳುವುದನ್ನೂ ನಿಲ್ಲಿಸಿದ. ಅನ್ವರ್ ಪಾಷ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಲು ಕಾರು ಹುಡುಕಿಕೊಂಡು ಓಡಿದ್ದರು. ಜುಬೇದಕ್ಕ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಬುರ್ಖಾ ಹಾಕಿಕೊಂಡು ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದರು. ಒಳಗಿನಿಂದ ಅವರು ಪಾದ ತಿಕ್ಕುತ್ತಾ ಇರು, ಬಿಡಬೇಡ ಎಂದು ಎರಡು ಸಲ ಕೂಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಪಾದ ತಿಕ್ಕಲಿಲ್ಲ. ಕೈ ಚಾಚಿದರೆ ಸಿಗುವ ಹಾಗೆ ಕುಡಿಯುವ ನೀರಿನ ಚೊಂಬಿತ್ತು. ಅದನ್ನು ಎತ್ತಿ, ಅಂತೋಣಿ ಎಂದು ಹೆಸರಿಟ್ಟು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಮೂರು ಸಲ ಹಣೆಯ ಮೇಲೆ ಸುರಿದೆ. ಒಂದಕ್ಷರ ತಪ್ಪಲಿಲ್ಲ. ಮಗು ಕಣ್ಣು ಸಹ ಪಿಳುಕಿಸಲಿಲ್ಲ. ನೀರು ನನ್ನ ಲಂಗದ ಮೇಲೆ ಹರಿಯಿತು. ಜುಬೇದಕ್ಕ ಬಂದು ನೋಡಿದರು.

"ಯಾಕಮ್ಮಾ, ತಲೆಯೆಲ್ಲ ಒದ್ದೆ ಆಗೈತೆ?"

"ಮೈ ಸುಡ್ತಿತ್ತು ಅಕ್ಕ. ನೀರು ತಟ್ಟಿದೆ."

"ಒಳ್ಳೇದ್ ಮಾಡ್ದೆ ಕಣಮ್ಮ."

ಕಾರು ಬಂತು, ಹೊರಟುಹೋದರು. ಅಪ್ಪ ಅವತ್ತು ಹಳ್ಳಿಯ ಮನೆಗಳಿಗೆ ಜಪಕ್ಕೆ ಹೋಗಿದ್ದರು, ಅಮ್ಮ ಷೆಡ್ಡಿನಲ್ಲಿದ್ದಳು. ನಾನು ದೊಡ್ಡ ಪುಸ್ತಕ ಇಳಿಸಿ, ಅಪ್ಪನ ಇಂಕು ಪೆನ್ನಿನಲ್ಲಿ, ಅಪ್ಪನ ಅಕ್ಷರದ ಹಾಗೆಯೇ ದುಂಡಗೆ ಬರೆದೆ. ಪುಸ್ತಕದಲ್ಲಿ ಬರೆಯದ ಜ್ಞಾನಸ್ನಾನ ಯಾರ ಲೆಕ್ಕಕ್ಕೂ ಇಲ್ಲ ಎಂದು ಅಪ್ಪನೇ ಹೇಳಿದ್ದರಲ್ಲ. ಅಂತೋಣಿ, ತಂದೆ ಅನ್ವರ್ ಪಾಷ, ತಾಯಿ ಜುಬೇದ. ಕೊಟ್ಟವರು, ಉಪದೇಶಿ ರಾಯಪ್ಪನವರ ಮಗಳು ಲೂರ್ದು ಮೇರಿ. ಜ್ಞಾನಮ್ಮನ ಪುಟದಲ್ಲಿ ಕೊನೆಗೆ ಕೂಸು ತೀರಿಕೊಂಡ ದಿನ ಬರೆದಿತ್ತು. ನಾನೂ 'ತೀರಿಕೊಂಡ ದಿನ' ಎಂದು ಬರೆದು ಮುಂದೆ ಎರಡು ಬೆರಳಷ್ಟು ಜಾಗ ಬಿಟ್ಟೆ. ಅಷ್ಟು ಮಾಡಿ ಮುಗಿಸಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆ ಅಳು ಸುಳ್ಳಾಗಿರಲಿಲ್ಲ. ಮಗುವಿನ ಮೇಲೆ ನನಗೆ ಜೀವವೇ ಇತ್ತು.

ಸಲೀಮ ಸಾಯಲಿಲ್ಲ. ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು, ಕೆಲವು ದಿನಕ್ಕೆ ಮಗು ಎದ್ದು ಕೂತಿತು. ಮನೆಗೆ ಬಂದ ದಿನ ಕೇರಿಯೇ ಅವರ ಬಾಗಿಲಲ್ಲಿ ನೆರೆದಿತ್ತು. ಜುಬೇದಕ್ಕ ಎಲ್ಲರ ಮುಂದೆ ನನ್ನನ್ನು ತಬ್ಬಿಕೊಂಡು, ಇವಳು ಅವತ್ತು ತಲೆಗೆ ನೀರು ತಟ್ಟದೆ ಇದ್ದಿದ್ದರೆ ಜ್ವರ ಮೆದುಳಿಗೆ ಏರುತ್ತಿತ್ತು ಎಂದರು. ಡಾಕ್ಟರು ಹಾಗೆ ಹೇಳಿದ್ದರೋ, ಅವರೇ ಸೇರಿಸಿಕೊಂಡರೋ ತಿಳಿಯದು. ಬೆಳ್ಳಿಯ ಕಾಲ್ಗೆಜ್ಜೆ ತರಿಸಿ ನನ್ನ ಕಾಲಿಗೆ ಹಾಕಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಾಚಿಕೆ ಅಂದುಕೊಂಡು ಎಲ್ಲರೂ ನಕ್ಕರು. ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಮಗು ಬದುಕಿದ್ದಕ್ಕೆ ನನಗೆ ಸಂತೋಷವಾಗಿತ್ತು, ಅದರ ಅಡಿಯಲ್ಲಿ ಎಲ್ಲೋ ಒಂದು ಚೂರು ನಿರಾಸೆಯೂ ಆಗಿತ್ತು. ಬರೆದ ಸಾಲು ಅರ್ಧಕ್ಕೇ ನಿಂತುಬಿಟ್ಟಿತಲ್ಲ ಎಂದು.

ಆಮೇಲೆ ಹೆದರಿಕೆ ಶುರುವಾಯಿತು. ಬರೆದದ್ದನ್ನು ಅಳಿಸುವಂತಿರಲಿಲ್ಲ. ಪುಟಗಳಿಗೆ ನಂಬರು ಇತ್ತು, ಹರಿದರೆ ಗೊತ್ತಾಗುತ್ತಿತ್ತು. ಆ ತಿಂಗಳು ಜ್ಞಾನಸ್ನಾನಗಳೇ ಇಲ್ಲದ್ದರಿಂದ ಅಪ್ಪ ಪುಸ್ತಕ ತೆಗೆದಿರಲಿಲ್ಲ. ಸಲೀಮನನ್ನು ಎತ್ತಿಕೊಂಡಾಗೆಲ್ಲ, ನೀನು ಅಂತೋಣಿ ಅಂತ ನನಗೆ ಮಾತ್ರ ಗೊತ್ತು ಎಂದುಕೊಂಡು ಬೆವರುತ್ತಿದ್ದೆ. ಜುಬೇದಕ್ಕ ಮಗುವಿನ ತೋಳಿಗೆ ತಾಯಿತ ಕಟ್ಟಿದರೆ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಮೇತ್ರಾಣಿಗಳು, ಅಂದರೆ ನಮ್ಮ ಬಿಷಪ್ಪರು, ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಲು ಬರುತ್ತಾರೆ ಎಂಬ ಸುದ್ದಿ ಬಂತು. ಕೇರಿಯವರ ಒಪ್ಪಿಗೆ ಪತ್ರ ಬೇಕಿತ್ತು. ಅದರ ಮೇಲೆ ಮೊದಲ ಸಹಿ ಹಾಕಿದವರು ಅನ್ವರ್ ಪಾಷ, ಉಳಿದವರ ಮನೆಮನೆಗೆ ಅಪ್ಪನ ಜೊತೆ ಹೋಗಿ ಹೇಳಿದವರೂ ಅವರೇ. ಮೇತ್ರಾಣಿಗಳು ಬಂದರೆ ಪುಸ್ತಕ ನೋಡದೆ ಹೋಗುವುದಿಲ್ಲ. ಹಾಗಾಗಿ ಅದಕ್ಕೆ ಮುಂಚಿನ ಭಾನುವಾರ ಪೂಜೆ ಮುಗಿಸಿದ ಸ್ವಾಮಿಗಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ರಾಯಪ್ಪ, ಪುಸ್ತಕ ತಾ, ಸಹಿ ಬಾಕಿ ಇದ್ದರೆ ಮುಗಿಸಿಬಿಡೋಣ ಎಂದರು.

ಅಮ್ಮ ಮುದ್ದೆ ಕಟ್ಟುತ್ತಿದ್ದಳು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅಪ್ಪ ಪುಸ್ತಕ ತೆರೆದು ಸ್ವಾಮಿಗಳ ಕಡೆ ತಿರುಗಿಸಿ, ಕೊನೆಯ ಪುಟ ಸ್ವಾಮಿ ಎಂದು ಪೆನ್ನು ಕೊಟ್ಟರು. ಸ್ವಾಮಿಗಳು ಹಳೆಯ ಬಾಕಿ ಎರಡು ಸಹಿ ಹಾಕಿದರು, ಮೂರನೆಯದಕ್ಕೆ ಪೆನ್ನು ನಿಂತಿತು. ಅವರು ನಿಧಾನವಾಗಿ ಬಾಯಿಬಿಟ್ಟು ಓದಿದರು. ಅಂತೋಣಿ, ತಂದೆ ಅನ್ವರ್ ಪಾಷ. ಅಮ್ಮನ ಕೈಯಲ್ಲಿದ್ದ ಮುದ್ದೆ ಹಾಗೇ ಉಳಿಯಿತು. ಅಪ್ಪ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು. ನಾನು ಬಿಟ್ಟಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲವನ್ನೂ ಹೇಳಿಸಿದರು. ನಾನು ಹೇಳಿದೆ, ತಲೆಗೆ ನೀರು ತಟ್ಟಿದೆ ಎಂದ ಸುಳ್ಳನ್ನೂ ಸೇರಿಸಿ. ಸ್ವಾಮಿಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನೀರೂ ಸರಿ, ಮಾತೂ ಸರಿ. ಇದು ಆಗಿಲ್ಲ ಅನ್ನೋಕೆ ನನಗೆ ಅಧಿಕಾರ ಇಲ್ಲ ರಾಯಪ್ಪ. ಆದರೆ ಕಲ್ಲು ಹಾಕೋವರೆಗೂ ಯಾರೂ ಬಾಯಿ ಬಿಡಬೇಡಿ. ಮೇತ್ರಾಣಿಗಳಿಗೆ ನಾನೇ ಹೇಳ್ತೀನಿ."

ಅವರು ಕೆಟ್ಟವರಲ್ಲ. ಇಪ್ಪತ್ತು ಮನೆಯ ಜನ ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಕೂರುವುದನ್ನು ಎಷ್ಟೋ ವರ್ಷದಿಂದ ನೋಡಿದ್ದವರು. ಈ ಮಾತು ಹೊರಗೆ ಬಿದ್ದರೆ ಉಪದೇಶಿ ಮನೆಯವರು ಪಕ್ಕದವರ ಮಗುವನ್ನೇ ಕದ್ದು ತಮ್ಮ ಕಡೆ ಸೇರಿಸಿಕೊಂಡರು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಅವರು ಊಟ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಹೊರಟರು. ಬಾಗಿಲು ಹಾಕಿದ ಮೇಲೆ ಅಪ್ಪ ಅಮ್ಮನ ಜಗಳ ನಡೆಯಿತು. ನಮ್ಮ ಮನೆಯ ಅತಿ ದೊಡ್ಡ ಜಗಳ ಅದು, ನಡೆದದ್ದು ಪೂರ್ತಿ ಪಿಸುಮಾತಿನಲ್ಲಿ. ಗೋಡೆಯಾಚೆ ಸಲೀಮ ಕೇಕೆ ಹಾಕುವುದು ಕೇಳುತ್ತಿತ್ತು. ಅಮ್ಮ ಹೇಳಿದ್ದು ಇಷ್ಟೇ. ಮಗು ಚೆನ್ನಾಗಿದೆ, ಯಾರಿಗೂ ಏನೂ ಆಗಿಲ್ಲ, ಇದನ್ನು ಕೆದಕಿದರೆ ನನ್ನ ಕೆಲಸ ಹೋಗುತ್ತದೆ, ದೇವಾಲಯ ಹೋಗುತ್ತದೆ, ಈ ಹುಡುಗಿ ಬೀದಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಅಪ್ಪ ಎಲ್ಲಕ್ಕೂ ಹೂಂ ಹೂಂ ಎಂದು ಕೊನೆಗೆ ಒಂದೇ ಮಾತು ಹೇಳಿದರು.

"ಅವನ ಮಗನಿಗೆ ನನ್ನ ಪುಸ್ತಕದಲ್ಲಿ ಬೇರೆ ಹೆಸರಿಟ್ಕೊಂಡು, ಅವನ ಮುಂದೆ ಕೂತು ಟೀ ಕುಡಿಯೋಕೆ ನನ್ನ ಕೈಲಾಗಲ್ಲ ಕಣೇ."

"ನಿಮ್ಮ ಸತ್ಯಕ್ಕೆ ನನ್ನ ಕೈ ಬೇಯಬೇಕಾ?"

ಅಮ್ಮ ಹೇಳಿದ್ದೂ ಸರಿಯೇ ಆಗಿತ್ತು. ಅವಳು ಅವತ್ತು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಷೆಡ್ಡಿಗೆ ಹೊರಡುವಾಗ ದಿನವೂ ಹೆಗಲಿಗೆ ಹಾಕಿಕೊಳ್ಳುವ ಹಳೆಯ ಟವಲನ್ನು ತೆಗೆದುಕೊಂಡು, ಮತ್ತೆ ಮೊಳೆಗೆ ಸಿಕ್ಕಿಸಿ, ಮತ್ತೆ ತೆಗೆದುಕೊಂಡಳು. ಅಪ್ಪ ಒಗೆದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದರು. ಕಾಲ್ಗೆಜ್ಜೆ ಬಿಚ್ಚಿಡಲಾ ಎಂದು ಕೇಳಿದೆ. ಬೇಡ, ಹಾಕಿಕೊಂಡೇ ಬಾ ಎಂದರು. ಮೂರೂ ಜನ ಒಟ್ಟಿಗೇ ಹೋದೆವು. ಷೆಡ್ಡಿನ ತುಂಬ ಹಬೆ. ಕೆಲಸದವರು ಇನ್ನೂ ಬಂದಿರಲಿಲ್ಲ, ಅನ್ವರ್ ಪಾಷ ಒಲೆಗೆ ಸೌದೆ ತಳ್ಳುತ್ತಿದ್ದರು. ಒಳಬಾಗಿಲಿನ ಹೊಸ್ತಿಲಲ್ಲಿ ಜುಬೇದಕ್ಕ ಕೂತು ಸಲೀಮನಿಗೆ ಗಂಜಿ ಕುಡಿಸುತ್ತಿದ್ದರು. ಬನ್ನಿ ಉಪದೇಶಿಗಳೇ ಎಂದು ಅನ್ವರ್ ಪಾಷ ಸ್ಟೂಲು ಎಳೆದರು. ಅಪ್ಪ ಕೂರಲಿಲ್ಲ.

ಅಪ್ಪ ನಿಂತೇ ಎಲ್ಲವನ್ನೂ ಹೇಳಿದರು. ನಮ್ಮ ಪದ್ಧತಿ ಏನು, ಸಾಯುವ ಮಗುವಿಗೆ ಏನು ಮಾಡುತ್ತೇವೆ, ತಾನೇ ಅದನ್ನು ಇವಳಿಗೆ ಕಲಿಸಿದ್ದು, ಇವಳು ಕೇಳದೆ ಮಾಡಿದ್ದು, ಪುಸ್ತಕದಲ್ಲಿ ಬರೆದದ್ದು. ಇದರಿಂದ ನಿಮ್ಮ ಮಗನ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಆದರೆ ನಿಮಗೆ ಗೊತ್ತಿಲ್ಲದೆ ಆಗಿದೆ, ಅದು ತಪ್ಪು ಎಂದು ಕೈಮುಗಿದರು. ನನ್ನ ಅಪ್ಪ ಪೀಠದ ಮುಂದೆ ಬಿಟ್ಟರೆ ಬೇರೆಲ್ಲೂ ಕೈಮುಗಿದದ್ದನ್ನು ನಾನು ನೋಡಿರಲಿಲ್ಲ. ಅನ್ವರ್ ಪಾಷ ಅವರ ಮುಖ ಕಪ್ಪಿಟ್ಟಿತು. ಸೌದೆ ಕೆಳಗಿಟ್ಟು ಕೈ ಕೊಡವಿಕೊಂಡರು. ಒಂದು ಸಲ ಬೀದಿ ಬಾಗಿಲ ಕಡೆ ನೋಡಿ ಅದನ್ನು ಮುಂದಕ್ಕೆ ಹಾಕಿ ಬಂದರು. ಅಮ್ಮ ಗೋಡೆಗೆ ಒರಗಿದಳು. ಆ ಹೊತ್ತಿನಲ್ಲಿ ನಮ್ಮ ಮೂವರ ಬದುಕೂ ಆ ಮನುಷ್ಯನ ಬಾಯಲ್ಲಿತ್ತು. ಕೊನೆಗೆ ಅವರು ಹೇಳಿದರು.

"ಹುಟ್ಟಿದ ದಿನಾನೇ ಇವನ ಕಿವೀಲಿ ಅಜಾನ್ ಹೇಳಿದ್ದೀನಿ ಉಪದೇಶಿಗಳೇ. ಮಕ್ಕಳಾಟದ ನೀರು, ಆರಿಹೋಗಿರುತ್ತೆ. ನೀವು ಬಂದು ಹೇಳಿದ್ರಲ್ಲ, ಸಾಕು. ಈ ಮಾತು ಈ ಬಾಗಿಲು ದಾಟೋದು ಬೇಡ."

ಅಮ್ಮನ ಉಸಿರು ಹೊರಗೆ ಬಂದದ್ದು ನನಗೆ ಕೇಳಿಸಿತು. ಅಪ್ಪ ಕಣ್ಣೊರೆಸಿಕೊಂಡರು. ಎಲ್ಲ ಮುಗಿಯಿತು, ಬದುಕಿಕೊಂಡೆವು ಎಂದು ನಾನೂ ತಲೆಯೆತ್ತಿದೆ. ಜುಬೇದಕ್ಕ ನನ್ನನ್ನೇ ನೋಡುತ್ತಿದ್ದರು. ಗಂಜಿಯ ಚಮಚ ಕೈಯಲ್ಲೇ ಇತ್ತು. ಅಪ್ಪ ಹೇಳಿದ ಅಷ್ಟು ಮಾತಿನಲ್ಲಿ ಅವರು ಹಿಡಿದುಕೊಂಡದ್ದು ಯಾವುದು ಎಂದು ನನಗೆ ಗೊತ್ತಿರಲಿಲ್ಲ.

"ಅದು ಸಾಯೋ ಮಗೂಗೆ ಮಾಡೋದಾ?"

ನಾನು ಹೂಂ ಅಂದೆ.

"ನಾನು ಪಾದ ತಿಕ್ಕು ಅಂತ ಹೇಳಿ ಹೋಗಿದ್ದೆ. ನೀನು, ಇವನು ಹೋದ ಅಂತ ಅಂದ್ಕೊಂಡ್ಯಾ?"

ಸುಳ್ಳು ಹೇಳಬಹುದಿತ್ತು. ಅಪ್ಪನ ಕೈ ನನ್ನ ಭುಜದ ಮೇಲಿತ್ತು. ನಾನು ಹೌದು ಎಂದು ತಲೆಯಾಡಿಸಿದೆ. ಜುಬೇದಕ್ಕ ನೀರಿನ ಬಗ್ಗೆ, ಹೆಸರಿನ ಬಗ್ಗೆ, ಪುಸ್ತಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗುವಿನ ಬಾಯೊರೆಸಿ, ಎತ್ತಿಕೊಂಡು, ಅಮ್ಮನ ಕಡೆ ತಿರುಗಿ, ಅಕ್ಕಾ, ನೀರು ಕಾದಿದೆ, ಗೂಡು ಹಾಕ್ಕೊಳ್ಳಿ ಎಂದು ಹೇಳಿ ಒಳಗೆ ಹೋದರು.

ಅಮ್ಮನ ಕೆಲಸ ಉಳಿಯಿತು. ಮೇತ್ರಾಣಿಗಳು ಬಂದು ಕಲ್ಲು ಹಾಕಿದರು, ಅನ್ವರ್ ಪಾಷ ಮುಂದಿನ ಸಾಲಿನಲ್ಲಿ ನಿಂತು ಶಾಲು ಹೊದೆಸಿಕೊಂಡರು. ನಾನು ಹೋದರೆ ಜುಬೇದಕ್ಕ ಟೀ ಕೊಡುತ್ತಿದ್ದರು, ತಲೆ ಬಾಚುತ್ತಿದ್ದರು, ಟಿವಿ ಹಾಕುತ್ತಿದ್ದರು. ಮಗುವನ್ನು ಮಾತ್ರ ನನ್ನ ತೊಡೆಗೆ ಕೊಡಲಿಲ್ಲ. ಅವನು ನನ್ನತ್ತ ಬಾಗಿದರೆ ಬಟ್ಟೆ ಬದಲಿಸುವ ನೆಪವೋ ಹಾಲಿನ ನೆಪವೋ ಸಿಗುತ್ತಿತ್ತು. ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಚಳಿಗಾಲದ ಹೊತ್ತಿಗೆ ಸಲೀಮ ನಡೆಯಲು ಕಲಿತ. ಒಂದು ಸಂಜೆ ಷೆಡ್ಡಿನ ಅಂಗಳದಲ್ಲಿ ಅವರು ಅವನ ಕೈಬಿಟ್ಟು ಕೂತಿದ್ದರು. ಅವನು ಸುತ್ತ ನೋಡಿ, ನನ್ನನ್ನು ಕಂಡು, ಎರಡೂ ಕೈ ಚಾಚಿಕೊಂಡು ತಟ್ಟಾಡುತ್ತ ನೇರ ನನ್ನ ಕಡೆ ಬಂದ. ಅಮ್ಮ ಬಾಗಿಲಿಂದ, ಎತ್ಕೊಳ್ಳೇ, ಬೀಳ್ತಾನೆ ಎಂದಳು. ನಾನು ಜುಬೇದಕ್ಕನ ಮುಖ ನೋಡಿದೆ. ಅವರು ಬೇಡ ಅನ್ನಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವನು ಬಂದು ನನ್ನ ಲಂಗ ಹಿಡಿದು ನಿಂತ, ಮೇಲೆ ನೋಡಿದ, ನಕ್ಕ. ಅವನ ತಾಯಿ ಎದ್ದು ಬಂದು ಕರೆದುಕೊಂಡು ಹೋಗುವವರೆಗೂ ನಾನು ಹಾಗೇ ನಿಂತಿದ್ದೆ.